ಬೆಲ್ಲ ಮೆತ್ತಿದ ಟಂಟಂ

ಮಹಾಲಿಂಗಪುರ
ಮಾರ್ಚ್ ೨೦೦೬

ಅಕ್ಕಾ,

ಇಲ್ಲಿಯ ಬಸ್ ನಿಲ್ದಾಣದ ಎದುರು ನಿಂತು ಗಾಡಿಗಳ ಹೊಗೆ ತಪಾಸಣೆ ಮಾಡುವುದು ನನ್ನ ಹೊಸ ಕೆಲಸ. ಇವತ್ತು ಸಾತಪ್ಪ ಎಂಬವರು ತಮ್ಮ ಟಂಟಂ, ಅಂದರೆ ಜನರನ್ನು ತುಂಬಿಕೊಂಡು ಓಡುವ ಮೂರು ಗಾಲಿಯ ಬಾಡಿಗೆ ಗಾಡಿ, ತಂದರು. ಸೋರುವ ತೊಟ್ಟಿಗೆ ಮೆತ್ತುವ ಹಾಗೆ ಒಡೆದ ಸೈಲೆನ್ಸರಿಗೆ ಬೆಲ್ಲ, ಸುಣ್ಣ ಕಲಸಿ ಮೆತ್ತಿದ್ದರು. ಎಂಜಿನ್ ಕಾಯುತ್ತಲೇ ಬೆಲ್ಲ ಕರಗಿತು. ಕಪ್ಪು ಹೊಗೆಯ ಜೊತೆ ನಿಲ್ದಾಣದ ತುಂಬ ಪಾಕದ ಘಮ.

"ಹೊಗಿ ಯಾಕ ನೋಡ್ತೀರಿ ಸಾಹೇಬ್ರ, ವಾಸನಿ ನೋಡ್ರಿ!" ಎಂದರು.

ನಾನು ಫೇಲ್ ಎಂದು ಬರೆದೆ. ರಿಪೇರಿ ಆಗುವವರೆಗೆ ಗಾಡಿ ಓಡಿಸಕೂಡದು ಎಂದೂ ಹೇಳಿದೆ.

ಸಂಜೆ ನನ್ನ ರೂಮಿನ ಕಡೆ ಹೋಗುವ ಬೇರೆ ಗಾಡಿಯೇ ಸಿಗಲಿಲ್ಲ. ಅದೇ ಟಂಟಂ ಹತ್ತಿದೆ. ಸಾತಪ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟರು: "ಮುಂದ ಕುಂದರ್ರಿ ಸಾಹೇಬ್ರ, ಹಿಂದ ಹೊಗಿ ಭಾಳ ಬರ್ತೈತಿ."

ಕೆಮ್ಮು ಶುರುವಾಗಿದೆ, ಕಷಾಯದ ಪುಡಿ ಕಳಿಸು.

ನಿನ್ನ ತಮ್ಮ,
ಸುಧೀಂದ್ರ