ತೂಕಡಿಸದ ಅಜ್ಜಿ

ಕಡ್ಡೀ,

ನಮ್ಮ ಆಟಕ್ಕೆ ಒಂದು ಗತಿ ಕಾಣಿಸಿದ್ದಾರೆ. ವಿಡಿಯೋ ಗೇಮ್ ಅಂಗಡಿಯ ದೊಡ್ಡ ಮಷೀನಿಗೆಂದು ನಾನು ಚಿತ್ರ ಬರೆದು ನೀನು ಪ್ರೋಗ್ರಾಂ ಮಾಡಿದ್ದನ್ನು, ಕಂಪನಿಯವರು ಈಗ ಮನೆಯ ಟಿವಿಯಲ್ಲಿ ಆಡುವ ಕ್ಯಾಸೆಟ್ ಮಾಡಿದ್ದಾರೆ. ಇವತ್ತು ನಿನ್ನ ತಂಗಿ ಅದನ್ನು ತಂದಿದ್ದಳು, ಟಿವಿಗೆ ಹಾಕಿ ಆಡಿದೆವು.

ಹಾರುವ ಸ್ನಾನದ ತೊಟ್ಟಿಯಲ್ಲಿ ನಮ್ಮ ಆಟದ ಅಜ್ಜಿಯೇನೋ ಕೂತಿದ್ದಾಳೆ, ಮುಖ ಮಾತ್ರ ಬೇಯಿಸಿದ ಆಲೂಗಡ್ಡೆ. ಶತ್ರುಗಳ ಮೇಲೆ ಸೋಪು ಎಸೆದರೆ ಇಟ್ಟಿಗೆ ಎಸೆದ ಹಾಗೆ ಕಾಣುತ್ತದೆ. ಸಂಗೀತ ಕೇಳಿದರೆ ನೆಗಡಿಯಾದವನು ಪೀಪಿ ಊದಿದ ಹಾಗೆ.

ಅದನ್ನೆಲ್ಲ ನುಂಗಿಕೊಂಡೆ. ಆಮೇಲೆ ನಿನ್ನ ತಂಗಿ ಜಾಯ್‌ಸ್ಟಿಕ್ ಕೆಳಗಿಟ್ಟು ಕೈಕಟ್ಟಿ ಕೂತಳು. ನಿಮ್ಮಮ್ಮ ಬಟ್ಟೆ ಮಡಚುತ್ತಲೇ ತೂಕಡಿಸುವುದನ್ನು ನೋಡಿ ನೀನು ಮಷೀನಿನ ಆಟಕ್ಕೆ ಒಂದು ತಮಾಷೆ ಸೇರಿಸಿದ್ದೆಯಲ್ಲ: ಆಡುವವನು ಕೈ ಬಿಟ್ಟರೆ ಅಜ್ಜಿಗೆ ಜೊಂಪು ಹತ್ತುತ್ತಿತ್ತು, ಶತ್ರುಗಳೆಲ್ಲ ಗುಂಡು ನಿಲ್ಲಿಸಿ ಅವಳು ಏಳುವ ತನಕ ಕಾಯುತ್ತಿದ್ದರು. ಗಿರಾಕಿಗಳು ಮಷೀನ್ ಬಿಟ್ಟು ಏಳುವುದಿಲ್ಲವೆಂದು ಅಂಗಡಿಯವನು ಎಷ್ಟು ಬೈದರೂ ನೀನು ಅದನ್ನು ತೆಗೆದಿರಲಿಲ್ಲ.

ಈ ಅಜ್ಜಿ ಕಣ್ಣೇ ಮುಚ್ಚಲಿಲ್ಲ. ಎಲ್ಲ ಕಡೆಯಿಂದ ಗುಂಡು ಬಿದ್ದು ತೊಟ್ಟಿ ಮಗುಚಿತು.

"ಈ ಕಂಪನಿಯವರಿಗೆ ಬಂದಿರೋ ರೋಗ ಏನು?" ಎಂದೆ.

"ಆಸ್ಪತ್ರೇಲಿ ಅಣ್ಣ ಈ ಅಜ್ಜಿ ವಿಷಯಾನೇ ಕೇಳ್ತಿದ್ದ," ಎಂದಳು. "ಮನೆ ಆಟದಲ್ಲೂ ಅಜ್ಜಿ ಮಲಗ್ತಾಳಾ ಅಂತ. ನೀವು ಬಂದಾಗ ಕೇಳ್ಬೇಕು ಅಂತ ಕೊನೇವರೆಗೂ ಕಾಯ್ತಿದ್ದ."

ಅವಳು ಟಿವಿಯಿಂದ ಕಣ್ಣು ಕೀಳಲಿಲ್ಲ. ನಾನು ಹೊಸ ಆಟ ಶುರುಮಾಡಿ ಮತ್ತೆ ಜಾಯ್‌ಸ್ಟಿಕ್ ಕೆಳಗಿಟ್ಟೆ. ಇಲ್ಲ, ಯಾರೂ ಕಾಯಲಿಲ್ಲ. ಅವರಿಗೆ ಕಾಯುವುದನ್ನು ಕಲಿಸಿದ್ದವನು ನೀನೊಬ್ಬನೇ.