ಎರಡು ಸಲದ ಅಕ್ಕ

ಹಾಸ್ಟೆಲ್, ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ನನ್ನ ಎರಡು ಸಲದ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯ್ತಾ? ಮಕ್ಕಳ ಕ್ಲಿನಿಕ್ಕಿನ ಆ ಪುಟಾಣಿ ಕುರ್ಚಿಯಲ್ಲಿ ದಿನವಿಡೀ ಮಡಚಿಕೊಂಡು ಕೂತರೆ ಇನ್ನೇನಾಗುತ್ತೆ ಹೇಳು. ಬೆನ್ನಿಗೊಂದು ದಿಂಬು ಇಟ್ಕೋ ಅಂತ ಅಮ್ಮ ಹೇಳಿದ್ದನ್ನು ನೀನು ಕೇಳಿರಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಚೆನ್ನಾಗಿದ್ದೀನಿ. ಅಂದರೆ ಊಟಕ್ಕೆ, ನಿದ್ದೆಗೆ ಏನೂ ಕೊರತೆಯಿಲ್ಲ. ಟೆನ್ಷನ್ ಮಾತ್ರ ಮಾಮೂಲಿನಂತೆ ಮೂರು ಹೊತ್ತೂ ಇದೆ. ನನ್ನ ರೂಮ್‌ಮೇಟ್ ಗೊತ್ತಲ್ಲ, ಗೊರಕೆ ಹೊಡೆಯುವ ಸೀನಿಯರ್, ನಾವೆಲ್ಲ ಗುಡುಗಮ್ಮ ಅನ್ನೋದು, ಅವಳು ಸಂಜೆ ನಿಮ್ಮೂರಿಗೆ ಹೊರಟಿದ್ದಾಳೆ. ಈ ಕಾಗದ ಅವಳ ಕೈಯಲ್ಲೇ ಕಳಿಸ್ತೀನಿ. ಫೋನ್ ಮಾಡೋಕೇನಾಗಿತ್ತು ಅಂತ ಬೈಯಬೇಡ, ಅದನ್ನೂ ಹೇಳ್ತೀನಿ. ನನ್ನ ಕಾಗುಣಿತಕ್ಕೆ ನಗಲೂಬೇಡ. ಐದನೇ ಕ್ಲಾಸಿಗೇ ಹಾಸ್ಟೆಲ್ಲಿಗೆ ತಳ್ಳಿ, ಮನೆಮಾತು ಆಡಿದರೆ ಫೈನ್ ಹಾಕುವ ಸ್ಕೂಲಿಗೆ ಸೇರಿಸಿದ್ದು ನೀವೇ ತಾನೇ? ಆದರೂ ಈ ಸೊಟ್ಟ ಅಕ್ಷರ ನೋಡಿದರೆ ಇದು ನಾನೇ ಅಂತ ನಿನಗೆ ಗೊತ್ತಾಗುತ್ತೆ. ಅದೊಂದೇ ಧೈರ್ಯ.

ಈ ಕಾಲೇಜಿಗೆ ಸೇರ್ತೀನಿ ಅಂದಾಗ ನೀನು ಹೇಳಿದ್ದು ಒಂದೇ ಮಾತು, ಬೇಡ ಕಣೇ ಅಂತ. ಯಾಕೆ ಅಂತ ಕೇಳಿದರೆ ಪಾತ್ರೆ ತೊಳೆಯೋಕೆ ಎದ್ದುಹೋದೆ. ನೀನು ಓದಿದ ಕಾಲೇಜು, ನಿನಗೆ ಪಾಠ ಹೇಳಿದ ಮೇಡಂ, ಮಾತು ತೊದಲುವವರಿಗೆ ಮಾತು ಬರಿಸುವ ವಿದ್ಯೆ. ತೊದಲುವ ನಾನು ಬೇರೆ ಎಲ್ಲಿಗೆ ಹೋಗಬೇಕಿತ್ತು? ಚಿಕ್ಕವಳಿದ್ದಾಗಿಂದ 'ಅ' ಬಂದರೆ ಸಾಕು ನನ್ನ ನಾಲಿಗೆ ಮೊಂಡು ಹಿಡಿಯುತ್ತಿತ್ತಲ್ಲ. ಅ-ಅಕ್ಕ, ಅ-ಅಕ್ಕ ಅಂತ ಮನೆಯೆಲ್ಲ ನಿನ್ನ ಹಿಂದೆ ಓಡಾಡುತ್ತಿದ್ದೆ. ಪಕ್ಕದ ಮನೆಯವರು ನಕ್ಕರೆ ನೀನು ಸೊಂಟಕ್ಕೆ ಕೈಯಿಟ್ಟು, ನಿಮ್ಮ ಮನೆ ಅಕ್ಕ ಒಂದೇ ಸಲ, ನಾನು ಎರಡು ಸಲ, ಅಂತ ಜಂಬ ಪಡುತ್ತಿದ್ದೆ.

ಮೇಡಂ ಬಗ್ಗೆ ಮೊದಲು ಒಳ್ಳೆಯದನ್ನೇ ಬರೀತೀನಿ, ಯಾಕಂದರೆ ಅದೂ ನಿಜ. ಮೊದಲ ದಿನ ಎಲ್ಲರೂ ಎದ್ದುನಿಂತು ತಮ್ಮ ಬಗ್ಗೆ ಹೇಳಬೇಕಿತ್ತು. ನಾನು 'ಅ'ದಲ್ಲಿ ಸಿಕ್ಕಿಹಾಕಿಕೊಂಡೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕಂದರು. ಮೇಡಂ ತಿರುಗಿ ನೋಡಲೂ ಇಲ್ಲ. ಎರಡು ಬೆರಳನ್ನು ಗಂಟಲಿಗೆ ಒತ್ತಿಕೊಂಡು, ತಲೆ ಸ್ವಲ್ಪ ವಾಲಿಸಿ, ತನಗೆ ಬೇರೆ ಕೆಲಸವೇ ಇಲ್ಲವೇನೋ ಅನ್ನೋ ಹಾಗೆ ಕಾದರು. ಕಾದು ಕಾದು, ಆಮೇಲೆ? ಅಂದರು. ಅಷ್ಟೇ. ನನ್ನ ಜೀವಮಾನದಲ್ಲಿ ನೀನು ಬಿಟ್ಟರೆ ನನ್ನ ಮಾತು ಮುಗಿಯೋವರೆಗೂ ಕಾದವರು ಅವರೊಬ್ಬರೇ ಕಣೆ. ಆಗೋದಾದರೆ ಇವರ ಹಾಗೇ ಆಗಬೇಕು ಅಂತ ಅವತ್ತೇ ಅಂದುಕೊಂಡೆ. ಇಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ ಅಂತ ಆಮೇಲೆ ಗೊತ್ತಾಯ್ತು. ಕ್ಯಾಂಟೀನಿನಲ್ಲಿ ಸೀನಿಯರ್‌ಗಳ ಟೇಬಲ್ ನೋಡಬೇಕು ನೀನು. ಒಬ್ಬಳು ಏನೋ ಹೇಳ್ತಾಳೆ, ಉಳಿದವರೆಲ್ಲ ಎರಡೆರಡು ಬೆರಳು ಗಂಟಲಿಗೆ ಒತ್ತಿಕೊಂಡು, ಒಂದೇ ಕಡೆಗೆ ತಲೆ ವಾಲಿಸಿ, ಆಮೇಲೆ? ಅಂತಾರೆ. ಒಂದೇ ಗಂಟಲು. ಬೆನ್ನು ತಿರುಗಿಸಿ ಕೂತರೆ ಮಾತಾಡಿದ್ದು ಯಾರು ಅಂತಲೇ ತಿಳಿಯಲ್ಲ. ನಾನು ನಕ್ಕಿದ್ದೆ. ಒಂದು ದಿನ ಕಾಫಿ ತಗೊಳ್ಳೋವಾಗ ಕ್ಯಾಂಟೀನ್ ಅಂಕಲ್ ನನ್ನ ಮುಖ ನೋಡಿ, ನೀನೂ ಶುರು ಹಚ್ಕೊಂಡ್ಯಾ ತಾಯಿ? ಅಂದರು. ನೋಡಿಕೊಂಡರೆ ನನ್ನ ಬೆರಳು ಗಂಟಲ ಮೇಲಿತ್ತು. ಯಾವಾಗ ಹೋಯ್ತೋ ದೇವರಿಗೇ ಗೊತ್ತು.

ಅವರ ಪದ್ಧತಿ ನಿನಗೆ ಗೊತ್ತಿದ್ದದ್ದೇ. ಪೇಶೆಂಟಿನ ತೊದಲನ್ನು ಮೊದಲು ನಮ್ಮ ಬಾಯಲ್ಲಿ ಕಲಿಯಬೇಕು, ಒಳಗಿಂದ ಗೊತ್ತಾಗದೆ ಸಿಕ್ಕು ಬಿಡಿಸೋಕಾಗಲ್ಲ ಅಂತ. ಸಿಕ್ಕು ಇಸ್ಕೊಳ್ಳೋದು ಅಂತಾರೆ ಮೇಡಂ. ಅಂಗೈ ಚಾಚಿ, ನಿನ್ನ ಸಿಕ್ಕು ಇಲ್ಲಿ ಕೊಡು, ಅಂತಾರೆ, ಪೆನ್ಸಿಲ್ ಕೇಳಿದ ಹಾಗೆ. ಒಬ್ಬ ಬಸ್ ಡ್ರೈವರ್ ಬರುತ್ತಿದ್ದ. ಸ್ಟ್ರೋಕ್ ಆದ ಮೇಲೆ ಅವನ ಬಾಯಲ್ಲಿ ಉಳಿದಿದ್ದು ಒಂದೇ ಮಾತು, ಒಳಗೆ ನಡೀರಿ ಒಳಗೆ ನಡೀರಿ, ಅದೂ ಬಾಯಿ ತುಂಬ ಹತ್ತಿ ತುರುಕಿಕೊಂಡ ಹಾಗೆ. ಮೇಡಂ ಅವನೆದುರು ಕೂತು ಅದನ್ನೇ ಹೇಳಿದರು, ಹೇಳಿದರು, ಹೇಳುತ್ತಲೇ ಇದ್ದರು. ಕೊನೆಗೆ ಅವನಿಗೆ ಮಾತು ಬಂತು, ಸುಳ್ಳಲ್ಲ. ಆದರೆ ಅವನ ಹೆಂಡತಿ ಬಾಗಿಲ ಹತ್ತಿರ ನಿಂತು ನನಗೆ ಹೇಳಿದ್ದು ಕೇಳು: ಮಾತೇನೋ ಬಂತು ತಾಯಿ, ಇವರು ಹಿಂಗೆ ಮಾತಾಡ್ತಿರಲಿಲ್ಲ, ಮನೇಲಿ ಯಾರೋ ನೆಂಟರು ಬಂದು ಕೂತ ಹಾಗಿರುತ್ತೆ. ಆ ವಾರವೇ ಮೇಡಂ ನಮ್ಮನ್ನು ಲ್ಯಾಬಿಗೆ ಕಳಿಸುತ್ತಾ, ಒಳಗೆ ನಡೀರಿ ಒಳಗೆ ನಡೀರಿ, ಅಂದರು. ಅದೇ ದಪ್ಪ ನಾಲಿಗೆ. ಜೋಕ್ ಅಂದುಕೊಂಡು ಎಲ್ಲರೂ ನಕ್ಕೆವು. ಯಾಕೆ ನಗ್ತಿದ್ದೀವಿ ಅಂತ ಮೇಡಂಗೆ ಅರ್ಥವೇ ಆಗಲಿಲ್ಲ ಅಕ್ಕಾ.

ಹೋದ ವಾರ ನನ್ನ ಸರದಿ. ಲ್ಯಾಬಿನ ಆ ಗಾಜಿನ ಬೂತು ಈಗಲೂ ಹಾಗೇ ಇದೆ, ಎರಡು ಕುರ್ಚಿ, ಒಂದು ಹಳೇ ಲ್ಯಾಂಡ್‌ಲೈನ್. ನಾನು ಅ-ಅ ಅಂದೆ, ಅವರೂ ಅ-ಅ ಅಂದರು. ಮೊದಮೊದಲು ಅಣಕಿಸಿದ ಹಾಗಿತ್ತು. ಆಮೇಲೆ ಕನ್ನಡಿ ನೋಡಿದ ಹಾಗಾಯ್ತು. ಕೊನೆಕೊನೆಗೆ ಯಾರು ಯಾರನ್ನು ಅನುಸರಿಸ್ತಿದ್ದಾರೆ ಅಂತ ನನಗೇ ಗೊತ್ತಾಗಲಿಲ್ಲ. ನೋವಾಗಲಿಲ್ಲ. ನೀನು ತಲೆ ಬಾಚುವಾಗ ಒಂದೊಂದೇ ಸಿಕ್ಕು ಬಿಡುತ್ತಿತ್ತಲ್ಲ, ಹಾಗೆ ಹಗುರವಾಗುತ್ತಾ ಹೋಯ್ತು, ಕಣ್ಣು ಮುಚ್ಚಿಕೊಂಡು ಬಂತು. ಅಷ್ಟರಲ್ಲಿ ಮೇಡಂ ಗುನುಗತೊಡಗಿದರು. ಜಡೆ ಹಾಡು. ನಿನ್ನ ಜಡೆ ಹಾಡು! ನನಗೆ ಜಡೆ ಹಾಕುತ್ತಾ, ಬಾಚಣಿಗೆ ಹಲ್ಲಲ್ಲಿ ಕಚ್ಚಿಕೊಂಡು ನೀನೇ ಕಟ್ಟಿದ್ದು, ಮಾತಿಲ್ಲದ್ದು, ಮನೆ ಹೊರಗೆ ಯಾರಿಗೂ ಗೊತ್ತಿಲ್ಲದ್ದು. ಮೂರು ಎಳೆ ಹೆಣೆದು ಕೆಳಗೆ ಬರೋವರೆಗೂ ತಪ್ಪಿಲ್ಲದೆ ಬಂತು. ರಿಬ್ಬನ್ ಗಂಟು ಹಾಕುವ ಜಾಗಕ್ಕೆ ಬಂದು ನಿಂತಿತು. ಎರಡು ಬೆರಳು ಗಂಟಲಿಗೆ ಒತ್ತಿಕೊಂಡು ನನ್ನನ್ನೇ ನೋಡಿದರು. ಆಮೇಲೆ? ಅಂದರು. ನನಗೆ ನೆನಪಿಲ್ಲ ಕಣೆ! ಸ್ಕೂಲಿನ ಹಾಸ್ಟೆಲ್ಲಿನಲ್ಲಿ ಕೂದಲು ಕತ್ತರಿಸಿಬಿಟ್ಟರು, ಆಮೇಲೆ ಜಡೆಯೆಲ್ಲಿ, ಹಾಡೆಲ್ಲಿ. ಗೊತ್ತಿಲ್ಲ ಮೇಡಂ, ಅಂದೆ. ಅವರು ನಕ್ಕು, ನಿನ್ನ ಅಕ್ಕ ಕೊನೇ ಚೂರು ಕೊಡದೇ ಹೋದಳು, ಅಂದರು. ಇಸ್ಕೊಂಡ ಕೊಡೆ ವಾಪಸ್ ಕೊಟ್ಟಿಲ್ಲ ಅನ್ನೋ ಹಾಗೆ.

ಆಗ ನೆನಪಾಯ್ತು. ನೀನು ಓದು ಮುಗಿಸಿ ಮನೆಗೆ ಬಂದ ಆ ರಜೆಯಲ್ಲಿ, ಕುತ್ತಿಗೆವರೆಗೆ ಬೆಳೆದಿದ್ದ ನನ್ನ ಮೊಂಡು ಕೂದಲನ್ನೇ ಹಿಡಿದು ಜಡೆ ಹಾಕಿದ್ದೆ. ಹಾಡೇ ಅಂತ ನಾನು ಕೇಳಿದರೆ ನಿನ್ನ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ರಿಬ್ಬನ್ ಕಟ್ಟುವಾಗ ಮಾತ್ರ ಸಣ್ಣಗೆ ಎರಡೇ ಎರಡು ಗುನುಗು ಬಂತು. ಮೊದಲಿನದೆಲ್ಲ ಎಲ್ಲೋ ಹೋಯ್ತು ಕಣೇ, ಇಷ್ಟೇ ಉಳಿದಿದೆ, ಅಂದೆ ನೀನು. ನಿನಗೆ ಮೂಡ್ ಇಲ್ಲ ಅಂದುಕೊಂಡು ನಾನು ಆಟಕ್ಕೆ ಓಡಿಹೋದೆ. ನಂಬರ್ ಬದಲಾಯಿಸಿ, ಕಾಲೇಜಿನವರಿಗೆ ಕೊಡಬೇಡಿ ಅಂತ ನೀನು ಯಾಕೆ ಹೇಳಿದ್ದೆ ಅಂತ ನನಗೆ ಈಗ ಗೊತ್ತಾಗ್ತಿದೆ.

ಬುಧವಾರ ನಿನಗೊಂದು ಮಾತಿಲ್ಲದ ಫೋನ್ ಬಂತಲ್ಲ, ಅದು ನಾನೇ. ಫೋನಿನ ಭಯ ಹೋಗಲಿ ಅಂತ ಪ್ರ್ಯಾಕ್ಟೀಸ್. ಯಾರ ಹೆಸರು ಕರೆಯೋದು ಕಷ್ಟವೋ ಅವರಿಗೇ ಮಾಡು, ಅಂದರು ಮೇಡಂ. ಬೂತಿನ ಫೋನಿನಿಂದ ಮಾಡಿದೆ. 'ಅ' ಹೊರಗೆ ಬರಲೇ ಇಲ್ಲ. ನೀನು, ಯಾರು? ಯಾರ್ರೀ ಅದು? ಅಂತಿದ್ದೆ. ಮೇಡಂ ಪಕ್ಕದಲ್ಲಿ ಕಣ್ಣು ಮುಚ್ಚಿ ನಿನ್ನ ದನಿ ಕೇಳುತ್ತಾ ಕೂತಿದ್ದರು. ಶುಕ್ರವಾರ ಕ್ಲಾಸಿನಲ್ಲಿ ನನ್ನ ಮಾತು ನೀರಿನ ಹಾಗೆ ಹರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾತ್‌ರೂಮಿಗೆ ಓಡಿ ಕನ್ನಡಿ ಮುಂದೆ ಅಮ್ಮ, ಅಪ್ಪ, ಅಂಗಡಿ, ಅಳಿಲು ಅಂತ ಬಾಯಿಗೆ ಬಂದದ್ದೆಲ್ಲ ಹೇಳಿ ಕುಣಿದೆ. ಕೊನೆಗೆ ಅಕ್ಕ ಅಂದೆ. ಒಂದೇ ಸಲಕ್ಕೆ ಬಂತು. ಪಕ್ಕದ ಮನೆ ಅಕ್ಕನನ್ನು ಕರೆದ ಹಾಗಿತ್ತು. ಬೇಕಂತಲೇ ತೊದಲಿ ನೋಡಿದೆ, ಆಗಲಿಲ್ಲ. ನನ್ನ ಫೋನ್ ಕೆಟ್ಟು ಕೂತಿದೆ, ಅದಕ್ಕೇ ನಿನ್ನೆ ಗುಡುಗಮ್ಮನ ಫೋನಿನಿಂದ ನಿನಗೆ ಮಾಡಿದೆ. ಅಕ್ಕಾ, ನಾನು, ಅಂದೆ. ಯಾರಮ್ಮಾ? ರಾಂಗ್ ನಂಬರ್, ಅಂತ ನೀನು ಇಟ್ಟುಬಿಟ್ಟೆ. ತಪ್ಪು ನಿನ್ನದಲ್ಲ. ಮತ್ತೆ ಮಾಡೋಕೆ ನನಗೆ ಕೈ ಬರಲಿಲ್ಲ.

ನಾಳೆಯಿಂದ ಬೂತಿನಲ್ಲಿ ಅವರ ಅಸಿಸ್ಟೆಂಟ್ ಆಗಿ ಕೂರಬೇಕಂತೆ, ನೀನು ಕೂರುತ್ತಿದ್ದ ಕುರ್ಚಿಯಲ್ಲಿ. ಕ್ಲಾಸಿನಲ್ಲಿ ಎಲ್ಲರಿಗೂ ಹೊಟ್ಟೆಕಿಚ್ಚು. ಮೇಡಂ ಕೆಟ್ಟವರು ಅಂತ ಈಗಲೂ ಬರೆಯೋಕೆ ನನಗಾಗ್ತಿಲ್ಲ. ಅವರು ಕರೆದರೆ ಕಾಲು ತಾನಾಗೇ ಆ ಕಡೆ ಹೋಗುತ್ತೆ. ಇನ್ನೂ ಹೂಂ ಅಂದಿಲ್ಲ. ಬಾ ಅಂತ ಒಂದು ಮಾತು ಹೇಳಿ ಕಳಿಸು, ಪೆಟ್ಟಿಗೆ ಕಟ್ಟಿ ಬಂದುಬಿಡ್ತೀನಿ.

ಅಮ್ಮನಿಗೆ ಇದ್ಯಾವುದೂ ಹೇಳಬೇಡ. ನಿನ್ನ ಕ್ಲಿನಿಕ್ಕಿನ ಪುಟಾಣಿಗಳ ಕೆನ್ನೆ ಹಿಂಡು, ನನ್ನ ಲೆಕ್ಕದಲ್ಲಿ. ಬೆನ್ನಿಗೆ ದಿಂಬು ಮರೀಬೇಡ.

ನಿನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದ
ನಿನ್ನ ಬಾಲ

ತಾಜಾ ಕಲಂ: ಗುಡುಗಮ್ಮ ಬ್ಯಾಗ್ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೀತೀನಿ. ಮರೆತುಬಂದ ಸ್ವೆಟರ್ ತರೋಕೆ ಈಗಷ್ಟೇ ಲ್ಯಾಬಿಗೆ ಹೋಗಿದ್ದೆ. ಭಾನುವಾರ, ಯಾರೂ ಇರಲ್ಲ ಅಂದುಕೊಂಡಿದ್ದೆ. ಬೂತಿನ ಒಳಗಿಂದ ನನ್ನ ದನಿ ಕೇಳಿಸಿತು. ಮೇಡಂ ಆ ಕಡೆ ತಿರುಗಿ, ಫೋನ್ ತೊಡೆ ಮೇಲಿಟ್ಟುಕೊಂಡು, ಎರಡು ಬೆರಳು ಗಂಟಲಿಗೆ ಒತ್ತಿ ಅಭ್ಯಾಸ ಮಾಡ್ತಿದ್ದರು: ಅ-ಅಕ್ಕ, ಜಡೆ ಹಾಡಿನ ಕೊನೆ ಹೇಗಿತ್ತೇ? ಅ-ಅಕ್ಕ, ಒಂದು ಸಲ ಹಾಡೇ. ಬುಧವಾರ ನಾನು ಒತ್ತಿದ ನಿನ್ನ ನಂಬರ್ ಆ ಫೋನಿನಲ್ಲಿ ಉಳಿದಿದೆ, ರೀಡಯಲ್ ಒತ್ತಿದರೆ ಸಾಕು. ಅಕ್ಕಾ, ಫೋನಿನಲ್ಲಿ ಯಾರಾದರೂ ನಿನ್ನನ್ನು ಎರಡು ಸಲ ಕರೆದರೆ ಓ ಅನ್ನಬೇಡ. ಅದು ನಾನಲ್ಲ. ನನಗೀಗ ಒಂದೇ ಸಲಕ್ಕೆ ಬರುತ್ತೆ.