ನೀರು ಹಾಕುವವರು

ಮಾರ್ಚ್ 3, ಬೆಳಿಗ್ಗೆ
ಮತ್ತೆ ಬಕೆಟ್. ಮತ್ತೆ ಎರಡು ಮಹಡಿ ಇಳಿದು, ಬೀದಿ ದಾಟಿ, ಎದುರಿನ ಆ ಖಾಲಿ ಪಟ್ಟಿ ಜಾಗ. ಗಿಡ ನೆಟ್ಟ ದಿನ ಬೀದಿಗೆ ಬೀದಿಯೇ ಬಂದಿತ್ತು, ಫೋಟೊಗೆ ನಿಂತಿತ್ತು. ಈಗ ನೀರು ಹಾಕುವವಳು ನಾನೊಬ್ಬಳು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯಂತೆ — ಇಲ್ಲಿ ಒಬ್ಬಳ ಮೊಣಕಾಲಿನ ಹೊರೆ.

ತಿಂಗಳ ಕೊನೆಗೆ ವಾರ್ಡ್ ಆಫೀಸಿನ ಇಂಜಿನಿಯರ್ ನೋಡಲು ಬರುತ್ತಾನೆ. ಗಿಡ ಬದುಕಿದ್ದರೆ ಜಾಗ ತೋಟಕ್ಕೆ. ಸತ್ತಿದ್ದರೆ ಕಾರ್ ಪಾರ್ಕಿಂಗ್. ಅಂದರೆ ನನ್ನ ಅಡುಗೆಮನೆ ಕಿಟಕಿಗೆ ಸಾಯುವವರೆಗೂ ಹೊಗೆ.

"ಊರ ಉಸಾಬರಿ ನಿಂಗ್ಯಾಕೆ?" — ಇವರು, ಪೇಪರಿನ ಹಿಂದಿನಿಂದ.

ಮಾರ್ಚ್ 5
ಬೋರ್ಡ್ ಬರೆದು ನೆಟ್ಟೆ: ‘ಮನೆಗೊಂದು ಗಿಡ ಸಾಕು’. ಸಾಕಿ ಬೆಳೆಸಿ ಅಂತ ನನ್ನರ್ಥ. ಟೈಲರಮ್ಮ ಓದಿ, "ಒಂದೇ ಸಾಕಾ? ಹಾಗಾದ್ರೆ ನಮ್ಮ ಬಾಲ್ಕನೀಲಿ ಆಗ್ಲೇ ಇದೆಯಲ್ಲಾ!" ಎಂದು ನಿರಾಳವಾಗಿ ಹೋದಳು. ಬೇಕರಿಯವನೂ ಹಾಗೇ ಓದಿಕೊಂಡ. ಭಾಷೆಯೂ ನನ್ನ ಪರ ಇಲ್ಲ.

ಮಾರ್ಚ್ 9, ಮಧ್ಯಾಹ್ನ
ನಾಳೆಯೇ ಅಡ್ಮಿಟ್ — ಮೊಣಕಾಲಿನ ಆಪರೇಶನ್. ಗಿಡಗಳ ಗತಿ? ಬೋರ್ಡ್ ಕಿತ್ತೆ. ಕುಂಟುತ್ತಾ ಒಂದೊಂದೇ ಬಾಗಿಲು ತಟ್ಟಿದೆ. ಎಲ್ಲರಿಗೂ ಗುಟ್ಟಾಗಿ ಒಂದೇ ಮಾತು: "ಬೇರೆ ಯಾರೂ ಹಾಕಲ್ಲ. ನಿಮ್ಮೊಬ್ಬರನ್ನೇ ನಂಬ್ಕೊಂಡು ಹೋಗ್ತಿದ್ದೀನಿ. ಯಾರಿಗೂ ಹೇಳ್ಬೇಡಿ."

ಒಬ್ಬರಾದರೂ ಹಾಕಿಯಾರು ಅನ್ನುವ ಆಸೆ. ಟೈಲರಮ್ಮನ ಕಣ್ಣು ತುಂಬಿತು. ನಾಚಿಕೆಯಾಯಿತು... ಆದರೂ ಮುಂದಿನ ಬಾಗಿಲು ತಟ್ಟಿದೆ.

ಮಾರ್ಚ್ 27
ಮನೆಗೆ ಬಂದೆ. ವಾಕರ್ ಹಿಡಿದು ಕಿಟಕಿ ಮುಟ್ಟುವಷ್ಟರಲ್ಲಿ ಜೀವ ಬಾಯಿಗೆ ಬಂತು. ಗಿಡಗಳೆಲ್ಲ ಹಳದಿ. ಎಲೆಗಳು ಜೋತುಬಿದ್ದಿವೆ. ಒಬ್ಬರೂ ನೀರು ಹಾಕಿಲ್ಲ! ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೈದೆ.

ಸಂಜೆ
ಬೈದದ್ದು ತಪ್ಪು. ಬೇಕರಿಯವನು ಬಂದು ಕೊಡ ಸುರಿದು, ಅತ್ತಿತ್ತ ನೋಡಿ, ಕಳ್ಳನ ಹಾಗೆ ಹೋದ. ಸ್ವಲ್ಪ ಹೊತ್ತಿಗೆ ಟೈಲರಮ್ಮ. ಆಮೇಲೆ ಮೂಲೆಮನೆ ಮೇಷ್ಟ್ರು. ದಿನಾ ಎಲ್ಲರೂ ಹಾಕಿದ್ದಾರೆ. ಮಣ್ಣು ಒದ್ದೆಯಿದ್ದರೆ ನಿನ್ನೆ ತಾನು ಹಾಕಿದ್ದೇ ಅಂದುಕೊಂಡಿರಬೇಕು. ಬೇರು ಕೊಳೆತಿದೆ.

"ಅತಿಯಾದ್ರೆ ಅಮೃತಾನೂ ವಿಷ" — ಇವರು. ವಾಕರ್ ಎತ್ತಿ ಬೀಸಬೇಕು ಅನ್ನಿಸಿತು. ಸುಳ್ಳು ಹೇಳಿದವಳು ನಾನು. ಕೊಂದವಳೂ ನಾನೇ. ತುಂಬಾ ಅತ್ತೆ.

ಮಾರ್ಚ್ 31, ಬೆಳಿಗ್ಗೆ
ಇಂಜಿನಿಯರ್ ಬಂದ. ಒಂದು ಗಿಡ ಹಿಡಿದರೆ ಬೇರು ಸಮೇತ ಕೈಗೆ ಬಂತು.

"ಇದನ್ನ ನೋಡ್ಕೊಳ್ತಿದ್ದೋರು ಯಾರು?"

"ನಾನು" — ಟೈಲರಮ್ಮ.

"ನೀವಾ? ನಾನಲ್ವಾ?" — ಬೇಕರಿಯವನು.

"ಅಕ್ಕ ನಂಗೊಬ್ಬನಿಗೇ ಹೇಳಿದ್ದು!" — ಮೇಷ್ಟ್ರು.

ಎಲ್ಲರೂ ತಲೆಯೆತ್ತಿ ನನ್ನ ಕಿಟಕಿ ನೋಡಿದರು. ಪರದೆ ಎಳೆದುಕೊಂಡೆ. ಹೇಡಿ.

ಮಧ್ಯಾಹ್ನ
ಕೆಳಗೆ ಬೈಗುಳ. ನನಗೇ ಇರಬೇಕು ಅಂತ ಸುಮ್ಮನೆ ಮಲಗಿದ್ದೆ. ತಡೆಯಲಾಗದೆ ಪರದೆ ಸರಿಸಿದೆ. ಬೈಸಿಕೊಳ್ಳುತ್ತಿರುವುದು ಪಾರ್ಕಿಂಗ್ ಗೆರೆ ಎಳೆಯಲು ಸುಣ್ಣ ತಂದವನು. ಗೆರೆ ಬೀಳುವ ಜಾಗದಲ್ಲೇ ಟೈಲರಮ್ಮ ಕುರ್ಚಿ ಹಾಕಿ ಕೂತಿದ್ದಾಳೆ. ಬೇಕರಿಯವನು ಹೊಸ ಗುಂಡಿ ತೋಡುತ್ತಿದ್ದಾನೆ. ಇಂಜಿನಿಯರ್ ಈಗೇನು ಮಾಡಲಿ ಅಂತ ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದಾನೆ, ಮುಖ ಸಣ್ಣದು ಮಾಡಿಕೊಂಡು.

"ಅಕ್ಕಾ, ಕೆಳಗ್ ಬನ್ನಿ! ಈ ಸಲ ಯಾರು ಯಾವತ್ತು ನೀರು ಹಾಕ್ಬೇಕು ಅಂತ ಎಲ್ಲರೆದುರಿಗೇ ಹೇಳಿ!" — ಮೇಷ್ಟ್ರು, ಕೆಳಗಿನಿಂದ.

ಯಾವ ಮುಖ ಹೊತ್ತು ಹೋಗಲಿ. ಮೆಟ್ಟಿಲು ಬೇಡವೆಂದು ಡಾಕ್ಟರ್ ಬೇರೆ ಹೇಳಿದ್ದಾರೆ. ಮೆಟ್ಟಿಲು ಇಳಿಯುವ ಹಾಗಿಲ್ಲ ಅಂತ ಕಿಟಕಿಯಿಂದಲೇ ಕೂಗಿ ಹೇಳಿದೆ.

ಈಗ ಬಾಗಿಲು ತಟ್ಟುತ್ತಿದ್ದಾರೆ. ಟೈಲರಮ್ಮನ ಕುರ್ಚಿಯನ್ನೇ ತಂದಿದ್ದಾರಂತೆ, ನನ್ನನ್ನು ಕೂರಿಸಿ ಹೊತ್ತೊಯ್ಯಲು. ಬೇಡ ಅನ್ನುವ ಶಕ್ತಿಯೂ ಇಲ್ಲ. ತಲೆಯನ್ನಾದರೂ ಬಾಚಿ—